ಸಿಡಿಲು ಬ್ಯಾಂಡಿನ ಶಾರವ್ವ

ಹತ್ತಿಮತ್ತೂರಿನ ಶಾರವ್ವ ಹಾಡುತ್ತಿರಲಿಲ್ಲ, ಕೂಗುತ್ತಿದ್ದಳು. ಹತ್ತಿ ಬಿಡಿಸುವ ಹೆಣ್ಣಾಳುಗಳ ನಡುವೆ ನಿಂತು, ಕೂಲಿ ಮುರಿಯುವ ಹೊಲದೊಡೆಯರನ್ನು ಹಾಡು ಕಟ್ಟಿ ಬೈಯುತ್ತಿದ್ದಳು. ಸವಣೂರಿನಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದ ಮಾರೆಪ್ಪ ಅದನ್ನು ಕೇಳಿಯೇ ‘ಸಿಡಿಲು ಬ್ಯಾಂಡ್’ ಕಟ್ಟಿದ್ದು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅವನಿಗೆ ಹಳೆಯ ಗಿಟಾರು, ಗೆಳೆಯ ಗಿರಿಯಪ್ಪನಿಗೆ ಡ್ರಮ್ಮು, ಹಾಡಿಗೆ ಶಾರವ್ವ. ಸ್ಪೀಕರಿನೊಳಗೆ ಅದುರುವ ಕಾಗದ ಹರಿದಿತ್ತು. ಗಿಟಾರು ಮೀಟಿದರೆ ತಗಡು ಸೀಳಿದ ಹಾಗೆ ಕರಕರ ಸದ್ದು.

ಯಲವಿಗಿಯ ಮದುವೆಯೊಂದಕ್ಕೆ ಮೈಕು ಕಟ್ಟಲು ಹೋದಾಗ ಮೂವರೂ ಅಲ್ಲೇ ಬಾರಿಸತೊಡಗಿದರು. ಜನ ಕಿವಿ ಮುಚ್ಚಿಕೊಂಡರು. ಯಾರೋ ವೈರು ಕಿತ್ತರು. “ಹುಚ್ಚಿ ಬಂದಾಳ, ಇಳಸ್ರೀ ಆಕಿನ್ನ!” ಎಂದು ನಕ್ಕರು.

ಶಾರವ್ವ ಸಿಟ್ಟನ್ನೆಲ್ಲ ಮಾರೆಪ್ಪನ ಮೇಲೆ ಹಾಕಿದಳು. “ನಿನ್ನ ಹರಕ ಸ್ಪೀಕರಿನಿಂದ ನನ್ನ ಮಾನ ಹೋತು. ಇನ್ನ ಕರೀಬ್ಯಾಡ.”

“ಹಾಡು ಚಲೋ ಅದಾವ ಶಾರವ್ವಾ. ಹುಬ್ಬಳ್ಯಾಗ ರೆಕಾರ್ಡ್ ಮಾಡೂಣು, ಬಾ.”

ಅವಳು ಹೋಗಲಿಲ್ಲ. ತಾಲೀಮಿನಲ್ಲಿ ತುಂಬಿಕೊಂಡಿದ್ದ ಒಂದು ಕ್ಯಾಸೆಟ್ಟು ಬಿಟ್ಟರೆ ಬ್ಯಾಂಡಿನದೇನೂ ಉಳಿಯಲಿಲ್ಲ. ಮಾರೆಪ್ಪ ಸಾಯುವ ತನಕ ಸಭೆ-ಸಮಾರಂಭಗಳಿಗೆ ಮೈಕು ಕಟ್ಟಿದ. ಸಂತೆಯಲ್ಲಿ ಎದುರಾದರೆ ಇಬ್ಬರೂ ಮಳೆ-ಬೆಳೆ ಮಾತಾಡಿ ಸರಿಯುತ್ತಿದ್ದರು.

ಅವನು ತೀರಿಕೊಂಡ ಮರುವರ್ಷ, ಗಿರಿಯಪ್ಪನಿಂದ ಗುರುತು ಕೇಳಿಕೊಂಡು ಸುಹಾನಾ ಎಂಬ ಹುಡುಗಿ ಬಂದಳು. ಹುಬ್ಬಳ್ಳಿಯಲ್ಲಿ ಅವಳದೊಂದು ರಾಕ್ ಬ್ಯಾಂಡಿತ್ತು. ಆ ಕ್ಯಾಸೆಟ್ಟು ಕೈಯಿಂದ ಕೈಗೆ, ಆಮೇಲೆ ಮೊಬೈಲಿನಿಂದ ಮೊಬೈಲಿಗೆ ಹೋಗಿ ಅಲ್ಲಿನ ಹುಡುಗರಿಗೆಲ್ಲ ಮೊದಲ ಪಾಠವಾಗಿತ್ತಂತೆ.

“ನಿಮ್ಮನ್ನ ಕೇಳೇ ನಾವು ಬಾಯಿ ಬಿಚ್ಚಿದ್ದು ಅವ್ವಾರ. ಆ ಕರಕರ ಸದ್ದು ಬರ್ಲಿ ಅಂತ ಸ್ಪೀಕರಿನ ಕಾಗದಕ್ಕ ಬೇಕಂತ್ಲೇ ಬ್ಲೇಡ್ ಹಾಕ್ತೀವ್ರಿ.”

ಶಾರವ್ವ ಅವಳ ಮುಖವನ್ನೇ ನೋಡಿದಳು. “ಇದನ್ನ ಮಾರೆಪ್ಪಗ ಹೇಳಿದ್ರೇನ?”

“ಅವರು ಯಾರಂತ ಗೊತ್ತಾಗೂದ್ರಾಗ ಹೋಗಿಬಿಟ್ಟಿದ್ರು.”

ಸುಹಾನಾ ಬಿಡದೆ ತನ್ನ ಬ್ಯಾಂಡಿನ ಕಾರ್ಯಕ್ರಮಕ್ಕೆ ಹುಬ್ಬಳ್ಳಿಗೆ ಕರೆದೊಯ್ದಳು. ವೇದಿಕೆಯ ಮುಂದೆ ಕಿಕ್ಕಿರಿದವರಿಗೆಲ್ಲ ಶಾರವ್ವನ ಹಾಡು ಬಾಯಿಪಾಠವಾಗಿತ್ತು. ಅವಳ ಕೈಗೆ ಮೈಕು ಕೊಟ್ಟರು. ಒಂದು ಸೊಲ್ಲು ಎತ್ತಿದಳು. ಕೆಮ್ಮು ಒತ್ತರಿಸಿ ಬಂತು. ಉಳಿದದ್ದನ್ನು ಅವರೇ ಕೂಗಿ ಮುಗಿಸಿದರು.

ಮರುದಿನ ಊರಿಗೆ ಮರಳುವಾಗ ಶಾರವ್ವ ಸವಣೂರಿನಲ್ಲಿ ಇಳಿದು ಮಾರೆಪ್ಪನ ಹೆಂಡತಿ ಸುಶೀಲವ್ವನ ಮನೆಗೆ ಹೋದಳು. “ನಿನ್ನ ಗಂಡ ಕಟ್ಟಿದ ಬ್ಯಾಂಡ್ ಭಾಳ ಚಲೋ ಇತ್ತವ್ವಾ,” ಎಂದಳು.

ಸುಶೀಲವ್ವ ನೀರಿನ ತಂಬಿಗೆ ಮುಂದಿಟ್ಟು ಕೇಳಿದಳು: “ಯಾವ ಬ್ಯಾಂಡ್ ಅಕ್ಕಾ? ಅವ್ರು ಒಂದಿನಾನೂ ಹೇಳಲಿಲ್ಲಲ್ಲ.”