ಡಬ್ಬಿಯ ಬುಡದ ಹನ್ನೆರಡು ಅಂಕಿ

ಬೆಳಿಗ್ಗೆ ಐದೂಮುಕ್ಕಾಲು. ಕಾರ್ಖಾನೆಯ ಎರಡನೇ ಮೆಷಿನ್ ಇನ್ನೂ ಓಡುತ್ತಿದೆ. ನಿಮಿಷಕ್ಕೆ ಆರುನೂರು ಖಾಲಿ ಲೋಹದ ಡಬ್ಬಿಗಳು ಒಂದರ ಹಿಂದೊಂದು ಬಂದು, ರಬ್ಬರ್ ಹೊದ್ದ ದೊಡ್ಡ ಚಕ್ರಕ್ಕೆ ಮೈಯೊತ್ತಿ ಚಿತ್ರ ಬರೆಸಿಕೊಂಡು, ಬಣ್ಣ ಒಣಗಿಸುವ ಒಲೆಯೊಳಗೆ ಹೋಗುತ್ತಿವೆ. ಇನ್ನು ಅರ್ಧ ಗಂಟೆಗೆ ಈ ಚಿತ್ರ ಮುಗಿದು ಬೇರೆ ಚಿತ್ರ ಶುರುವಾಗಬೇಕು. ಅದಕ್ಕೆ ಮೆಷಿನ್ ನಿಲ್ಲಿಸಿ, ಹಳೆ ಬಣ್ಣ ತೊಳೆದು, ಅಚ್ಚು ಬದಲಿಸಿ, ಹೊಸ ಬಣ್ಣ ಕೂರಿಸಬೇಕು. ಪಕ್ಕದಲ್ಲೇ ಐವತ್ತರ ಆಸುಪಾಸಿನ ಹೆಂಗಸೊಬ್ಬರು ತಳ್ಳುಗಾಡಿಯ ಮೇಲೆ ಆರು ಅಚ್ಚುಗಳನ್ನು ಸಾಲಾಗಿ ಜೋಡಿಸುತ್ತಿದ್ದಾರೆ. ಸೊಂಟದಲ್ಲಿ ದಾರಕ್ಕೆ ಕಟ್ಟಿದ ಒಂದೇ ಒಂದು ಸ್ಪ್ಯಾನರ್. ಉಗುರಿನ ಸಂದಿಯಲ್ಲಿ ನೀಲಿ, ಯಾವತ್ತೂ ಪೂರ್ತಿ ಹೋಗದ ನೀಲಿ. ಇಲ್ಲಿ ಎಲ್ಲರಿಗೂ ಅವರು ‘ಡಬ್ಬಿಯಕ್ಕ’.

“ಮೆಷಿನ್ ನಿಲ್ಲೋಕೆ ಮುಂಚೆ ಏನೇನು ಮಾಡಬಹುದೋ ಎಲ್ಲ ಮುಂಚೇನೇ ಮಾಡಿ ಮುಗಿಸ್ಬೇಕು. ನಿಂತ ಮೇಲೆ ಅಚ್ಚು ಹುಡುಕೋಕೆ ಹೋಗೋದಲ್ಲ,” ಎನ್ನುತ್ತಾರೆ, ತಮ್ಮ ಕೆಲಸದ ಬಗ್ಗೆ ಬರೆಯಲು ಬಂದ ನನಗೆ. “ಇಷ್ಟನ್ನ ಇಲ್ಲಿನವರ ತಲೆಗೆ ತುಂಬೋಕೆ ನನಗೆ ಹನ್ನೊಂದು ವರ್ಷ ಹಿಡೀತು.”

ಇವತ್ತಿನ ಬದಲಾವಣೆ ದಿನನಿತ್ಯದಂಥದ್ದಲ್ಲ. ಚಿತ್ರ ಬದಲಿಸುವಾಗ ಮೆಷಿನ್ ಸುಮ್ಮನೆ ನಿಲ್ಲುವ ಹೊತ್ತು ನಲವತ್ತೈದು ನಿಮಿಷಕ್ಕಿಂತ ಕಡಿಮೆಯಾಗದಿದ್ದರೆ ಎರಡನೇ ಮೆಷಿನನ್ನು ಬಿಚ್ಚಿ ಬೇರೆ ಕಾರ್ಖಾನೆಗೆ ಕಳಿಸುವುದಾಗಿ ಮುಖ್ಯ ಕಚೇರಿ ಮೂರು ತಿಂಗಳ ಗಡುವು ಕೊಟ್ಟಿತ್ತು. ಆ ಮೆಷಿನ್ ನಂಬಿಕೊಂಡವರು ಹನ್ನೊಂದು ಜನ. ಗಡುವಿನ ಕೊನೆಯ ಪರೀಕ್ಷೆ ಇವತ್ತು. ಸಮಯ ಉಳಿಸುವುದು ಹೇಗೆಂದು ಹೇಳಿಕೊಡಲು ಬಂದಿರುವ ಸಲಹೆಗಾರರು ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು, ತಾವೇ ನೆಲಕ್ಕೆ ಬಳಿಸಿದ ಹಳದಿ ಗೆರೆಯ ಆಚೆ ನಿಂತಿದ್ದಾರೆ. ಕಾರ್ಮಿಕರು ಅವರಿಗೆ ಇಟ್ಟಿರುವ ಹೆಸರು ‘ಗಡಿಯಾರ ಸಾಹೇಬರು’.

ಡಬ್ಬಿಯಕ್ಕ ಇಲ್ಲಿಗೆ ಸೇರಿ ಹತ್ತೊಂಬತ್ತು ವರ್ಷ. ಮೊದಲು ಪ್ಯಾಕಿಂಗ್‌ನಲ್ಲಿದ್ದರು. ಆಗ ವಾರಕ್ಕೊಂದೆರಡು ಸಲ ಚಿತ್ರ ಬದಲಾಗುತ್ತಿತ್ತು, ಎರಡು ಗಂಟೆ ಮೆಷಿನ್ ನಿಂತರೂ ಯಾರೂ ಹುಬ್ಬೇರಿಸುತ್ತಿರಲಿಲ್ಲ. ಈಗ ಆರ್ಡರುಗಳೆಲ್ಲ ಚಿಕ್ಕವು, ದಿನಕ್ಕೆ ನಾಲ್ಕು ಸಲ ಬದಲಾವಣೆ. ನಲವತ್ತು ನಿಮಿಷ ನಿಂತರೆ ಇಪ್ಪತ್ನಾಲ್ಕು ಸಾವಿರ ಡಬ್ಬಿ ಹುಟ್ಟದೇ ಹೋದಂತೆ. ಚಿತ್ರ ಬದಲಿಸುವ ಸೆಟ್ಟಿಂಗ್ ಕೆಲಸಕ್ಕೆ ಬಂದ ಮೊದಲ ವರ್ಷ ಅವರು ಮನೆಯ ಅಡುಗೆ ಟೈಮರ್ ತಂದು ಜೇಬಿನಲ್ಲಿಟ್ಟುಕೊಂಡು ಲೆಕ್ಕ ಹಾಕಿದರು. ನೂರಹತ್ತು ನಿಮಿಷ ಮೆಷಿನ್ ನಿಂತರೆ, ಅದರಲ್ಲಿ ಕೈ ನಿಜವಾಗಿ ಕೆಲಸ ಮಾಡಿದ್ದು ಮೂವತ್ತೆಂಟೇ ನಿಮಿಷ.

“ಮಿಕ್ಕಿದ್ದೆಲ್ಲ ಓಡಾಟ, ಹುಡುಕಾಟ, ಕಾಯೋದು. ಬೋಲ್ಟ್ ಮೂರು ಅಳತೇದು, ಸ್ಪ್ಯಾನರ್ ಮೂರು, ಮೂರನೇದು ಯಾವಾಗ್ಲೂ ಇನ್ನೊಬ್ಬರ ಹತ್ರ. ಬಣ್ಣದ ಕೋಣೆಗೆ ಬೀಗ. ಬೀಗದ ಕೈ ಸ್ಟೋರಿನವರ ಹತ್ರ. ಅವರು ಬರೋದು ಎಂಟಕ್ಕೆ, ನಮ್ಮ ಪಾಳಿ ಶುರುವಾಗೋದು ಆರಕ್ಕೆ! ನಾನೇನು ಬಣ್ಣ ಮನೇಲಿ ಕಲಸ್ಕೊಂಡು ಬರ್ಲಾ?”

ಬೋಲ್ಟುಗಳನ್ನೆಲ್ಲ ಒಂದೇ ಅಳತೆಗೆ ತರಿಸಲು ಅವರು ವರ್ಕ್‌ಶಾಪಿನ ಹಿಂದೆ ಬಿದ್ದದ್ದು ಎರಡು ವರ್ಷ. ಬೀಗದ ವಿಷಯದಲ್ಲಿ ಮಾತ್ರ ಇವತ್ತಿಗೂ ಗೋಡೆಗೆ ಹೇಳಿದ ಹಾಗೆ. ಹಾಗಾಗಿ ಹಿಂದಿನ ದಿನ ಮಧ್ಯಾಹ್ನವೇ ಬೇಕಾದ ಬಣ್ಣ ತೆಗೆಸಿ, ಮೆಷಿನ್ ಹಿಂದೆ ಟಾರ್ಪಾಲಿನಡಿ ಮುಚ್ಚಿಡುತ್ತಾರೆ. ಪ್ಲಾನಿಂಗ್ ಕಚೇರಿಯ ಜೊತೆಗಿನ ಅವರ ಜಗಳ ಇನ್ನೂ ಹಳೆಯದು. ತಿಳಿ ಬಣ್ಣದಿಂದ ಕಡು ಬಣ್ಣಕ್ಕೆ ಹೋದರೆ ತೊಳೆಯುವುದು ಸಲೀಸು. ಕಪ್ಪಾದ ಮೇಲೆ ಕೆನೆಬಣ್ಣ ಬಂದರೆ ಬಣ್ಣ ಹಚ್ಚುವ ಉರುಳೆಗಳನ್ನು ಮೂರು ಮೂರು ಸಲ ತೊಳೆಯಬೇಕು. ಮನೆಯಲ್ಲಿ ಬಟ್ಟೆ ಒಗೆಯುವವರಿಗೆಲ್ಲ ಗೊತ್ತಿರುವ ಈ ಸಂಗತಿ ಆ ಕಚೇರಿಗೆ ಇನ್ನೂ ತಲುಪಿಲ್ಲ.

ಆದರೂ ಅವರು ನೂರಹತ್ತನ್ನು ಐವತ್ತೆರಡಕ್ಕೆ ಇಳಿಸಿದ್ದರು. ಅದರ ಗುಟ್ಟು ಮೆಟ್ಟಿಲ ಕೆಳಗಿನ ಒಂದು ಹಳೆ ಕಪಾಟಿನಲ್ಲಿತ್ತು. ಪ್ರತಿ ಚಿತ್ರದ ಕೆಲಸ ಸರಿಯಾಗಿ ಕೂತ ಮೇಲೆ ಒಂದು ಒಳ್ಳೆಯ ಡಬ್ಬಿ ತೆಗೆದು, ಅದರ ಬುಡದಲ್ಲಿ ಮಾರ್ಕರ್‌ನಿಂದ ಹನ್ನೆರಡು ಅಂಕಿ ಸುತ್ತಲೂ ಬರೆದಿಡುತ್ತಿದ್ದರು. ಆರು ಬಣ್ಣಕ್ಕೆ ಆರು ತೊಟ್ಟಿ. ಒಂದೊಂದರಲ್ಲೂ ಬಣ್ಣ ಬಿಡುವ ತಿರುಪು ಎಷ್ಟು ತೆರೆದಿತ್ತು, ಅಚ್ಚು ಎಲ್ಲಿ ಕೂತಿತ್ತು ಎಂಬ ಲೆಕ್ಕ ಅದು. ಅದೇ ಚಿತ್ರ ಮತ್ತೆ ಬಂದಾಗ ಡಬ್ಬಿ ತೆಗೆದು ಬುಡ ನೋಡಿ, ನೇರ ಅಲ್ಲಿಂದಲೇ ಶುರು. ಇಲ್ಲದಿದ್ದರೆ ಒಂದಿಷ್ಟು ಡಬ್ಬಿಗೆ ಅಚ್ಚು ಹಾಕಿ, ನೋಡಿ, ತಿರುಪು ತಿರುವಿ, ಮತ್ತೆ ಹಾಕಿ ನೋಡುತ್ತ ಗಂಟೆಗಟ್ಟಲೆ ಒದ್ದಾಡಬೇಕು. ಇದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆಯಬಹುದಿತ್ತಲ್ಲ ಎಂದು ನಾನು ಕೇಳಿಯೇಬಿಟ್ಟೆ. ಅವರು ನನ್ನತ್ತ ನೋಡಿದ ನೋಟವನ್ನು ಸುಲಭಕ್ಕೆ ಮರೆಯಲಾರೆ.

“ಕೆಂಪು ಅಂತ ಬರೀಬಹುದು. ಎಂಥಾ ಕೆಂಪು ಅಂತ ಬರೆಯೋಕಾಗುತ್ತಾ? ಡಬ್ಬೀಲಿ ಅಂಕಿನೂ ಇರುತ್ತೆ, ಆ ಅಂಕಿಗೆ ಬಂದ ಕೆಂಪೂ ಇರುತ್ತೆ.”

ಹೀಗೆ ಇನ್ನೂರ ಹನ್ನೆರಡು ಡಬ್ಬಿಗಳಿದ್ದವು. ಗಡುವಿನ ಮೊದಲ ವಾರವೇ ಗಡಿಯಾರ ಸಾಹೇಬರ ಸ್ವಚ್ಛತಾ ಕಾರ್ಯಕ್ರಮ ಬಂತು. ಆರು ತಿಂಗಳಲ್ಲಿ ಬಳಸದ ವಸ್ತುವೆಲ್ಲ ಕಸ ಎಂಬುದು ಅವರ ನಿಯಮ. ಮೆಟ್ಟಿಲ ಕೆಳಗಿನ ಖಾಲಿ ಡಬ್ಬಿಗಳನ್ನು ಯಾರಾದರೂ ಬಳಸುತ್ತಾರೆಂದು ಅವರಿಗೆ ಅನ್ನಿಸಲಿಲ್ಲ. ಡಬ್ಬಿಯಕ್ಕನ ವಾರದ ರಜೆಯ ದಿನ ಕಪಾಟು ಖಾಲಿಯಾಯಿತು. ಇನ್ನೂರ ಹನ್ನೆರಡು ಡಬ್ಬಿಗಳು ಗುಜರಿ ಒತ್ತುವ ಯಂತ್ರಕ್ಕೆ ಹೋಗಿ ಒಂದು ಉಂಡೆಯಾಗಿ ಹೊರಬಂದವು. ಸಮಯ ಉಳಿಸಲು ಬಂದವರು, ಸಮಯ ಉಳಿಸುತ್ತಿದ್ದ ಒಂದೇ ಒಂದು ವಸ್ತುವನ್ನು ಹುಡುಕಿ ಎಸೆದಿದ್ದರು! ಮರುವಾರ ಬದಲಾವಣೆಯ ಹೊತ್ತು ತೊಂಬತ್ತು ನಿಮಿಷಕ್ಕೆ ಏರಿತು. ಕಾರಣವೇನೆಂದು ಚರ್ಚಿಸಲು ಸಭೆ ಕರೆದರು. ಸಭೆ ಎರಡು ಗಂಟೆ ನಡೆಯಿತು.

“ಅವತ್ತು ಮನೆಗೆ ಹೋಗಿ ಊಟಾನೂ ಮಾಡ್ಲಿಲ್ಲ. ಬೈಯೋಕೂ ಆಗ್ಲಿಲ್ಲ, ಅಳೋಕೂ ಆಗ್ಲಿಲ್ಲ. ಮಾರನೇ ದಿನ ಬಂದು ಮೊದಲನೇ ಡಬ್ಬಿ ಎತ್ತಿಟ್ಟೆ. ಇನ್ನೇನು ಮಾಡೋದು ಹೇಳಿ.”

ಈಗ ಅರವತ್ತೊಂದು ಡಬ್ಬಿಗಳಾಗಿವೆ, ಹೊತ್ತು ಮತ್ತೆ ಐವತ್ತರ ಹತ್ತಿರ ಬಂದಿದೆ. ಇವತ್ತಿನ ಪರೀಕ್ಷೆಗೆ ಬರಬೇಕಿದ್ದ ತಿಳಿ ಹಸಿರು ಚಿತ್ರದ ಡಬ್ಬಿಯೂ ಇದೆ, ತಳ್ಳುಗಾಡಿಯಲ್ಲಿ ಸಿದ್ಧವಾಗಿ ಕೂತಿದೆ.

ಆರಕ್ಕೆ ಸರಿಯಾಗಿ ಪಾಳಿಯ ಮೇಲ್ವಿಚಾರಕರು ಒಂದು ಚೀಟಿ ಹಿಡಿದು ಬರುತ್ತಾರೆ. ಅವರ ಮುಖ ನೋಡಿಯೇ ಡಬ್ಬಿಯಕ್ಕ ಕೈಯಲ್ಲಿದ್ದ ಬಟ್ಟೆ ಕೆಳಗಿಡುತ್ತಾರೆ.

“ಪ್ಲಾನಿಂಗಿನವರು ಬದಲಾಯಿಸಿದಾರೆ ಅಕ್ಕ. ಹಸಿರು ಬೇಡವಂತೆ. ಎಮ್ಮೆ ಹಾಕ್ಬೇಕಂತೆ.”

‘ಎಮ್ಮೆ’ ಎಂದರೆ ಕಪ್ಪು ಮೈಯ ಮೇಲೆ ಚಿನ್ನದ ಬಣ್ಣದ ಸಣ್ಣ ಅಕ್ಷರಗಳೂ ಅಂಚಿಗೆ ಇನ್ನೂ ನಾಲ್ಕು ಬಣ್ಣಗಳೂ ಇರುವ ಒಂದು ಡಬ್ಬಿ. ಈ ಕಾರ್ಖಾನೆಯ ಅತಿ ಕಷ್ಟದ ಚಿತ್ರ. ವರ್ಷಕ್ಕೆರಡು ಸಲ ಬರುತ್ತದೆ, ಬಂದಾಗಲೆಲ್ಲ ಎಮ್ಮೆಯ ಹಾಗೆ ನಿಂತಲ್ಲೇ ನಿಲ್ಲುತ್ತದೆ. ಕಪಾಟಿನಲ್ಲಿದ್ದ ಅದರ ಡಬ್ಬಿ ಗುಜರಿಯ ಉಂಡೆಯೊಳಗೆ ಹೋಗಿದೆ.

“ಇವತ್ತೇ? ಈಗಲೇ? ಇಷ್ಟು ದಿನ ಎಲ್ಲಿ ಹೋಗಿತ್ತು ಇವರ ಎಮ್ಮೆ?” ಡಬ್ಬಿಯಕ್ಕ ಹಣೆ ಚಚ್ಚಿಕೊಳ್ಳುತ್ತಾರೆ. ಬೈಯುತ್ತಲೇ ತಳ್ಳುಗಾಡಿಯ ಅಚ್ಚುಗಳನ್ನು ಬದಲಿಸಲು ಶುರುಮಾಡಿಯೂ ಆಗಿದೆ. ಟಾರ್ಪಾಲು ಎತ್ತಿದರೆ ಹಸಿರಿನ ಪಕ್ಕದಲ್ಲೇ ಕಪ್ಪು, ಚಿನ್ನ, ಎಮ್ಮೆಯ ಮಿಕ್ಕ ಬಣ್ಣಗಳ ಡಬ್ಬಗಳೂ ಇವೆ. “ಪ್ಲಾನಿಂಗಿನವರನ್ನ ನಂಬಿ ನಾನು ಯಾವತ್ತೂ ಒಂದೇ ಕೆಲಸದ ಬಣ್ಣ ತಂದಿಟ್ಟಿಲ್ಲ.” ಆದರೆ ಅಂಕಿಗಳಿಗೆ ಏನು ಮಾಡುವುದು? ಅವರು ಮತ್ತೊಮ್ಮೆ ಹಣೆ ಚಚ್ಚಿಕೊಳ್ಳುತ್ತಾರೆ, ಈ ಸಲ ತಮ್ಮ ಮೇಲಿನ ಸಿಟ್ಟಿಗೆ. ಎಮ್ಮೆಯನ್ನು ಮೊದಲ ಬಾರಿ ಒಂದು ಗಂಟೆಯೊಳಗೆ ಕೂರಿಸಿದ ದಿನ, ಆ ಖುಷಿಗೆ ಬುಡದಲ್ಲಿ ಅಂಕಿ ಬರೆದ ಇನ್ನೊಂದು ಡಬ್ಬಿಯನ್ನು ಗೇಟ್ ಪಾಸ್ ಮಾಡಿಸಿ ಮನೆಗೊಯ್ದಿದ್ದರು. ಅತ್ತೆ ಅದರಲ್ಲಿ ಅಂಗಿಯ ಗುಂಡಿ ತುಂಬಿಸಿಟ್ಟಿದ್ದಾರೆ.

“ಎರಡೂವರೆ ತಿಂಗಳಿಂದ ಒಂದೊಂದೇ ಡಬ್ಬಿ ಮಾಡ್ತಾ ಸಾಯ್ತಿದೀನಿ. ಕಷ್ಟದ್ದೇ ಮನೇಲಿದೆ ಅಂತ ಹೊಳೀಲೇ ಇಲ್ವಲ್ಲ ನನಗೆ! ಸರ್, ನಿಮ್ಮ ಫೋನ್ ಕೊಡಿ.”

ಮೇಲ್ವಿಚಾರಕರು ಫೋನಿನ ಸ್ಪೀಕರ್ ಹಾಕಿ ಹಿಡಿದುಕೊಳ್ಳುತ್ತಾರೆ. ಎರಡನೇ ರಿಂಗಿಗೇ ಅತ್ತೆಯ ದನಿ.

“ಅತ್ತೆ, ಗುಂಡಿ ಡಬ್ಬಿ ತಗೊಳ್ಳಿ.”

“ಇಷ್ಟು ಬೆಳಿಗ್ಗೆ ಯಾರ ಅಂಗಿ ಗುಂಡಿ ಕಿತ್ತು ಹೋಯ್ತು?”

“ಅಂಗಿ ಅಲ್ಲ. ಡಬ್ಬಿ ಬೋರಲು ಹಾಕಿ, ಬುಡದಲ್ಲಿ ಬರೆದಿರೋದು ಓದಿ.”

“ಬೋರಲು ಹಾಕಿದ್ರೆ ಗುಂಡಿ ಬೀಳಲ್ವಾ?”

“ಬೀಳ್ಲಿ ಅತ್ತೆ!”

“ಬೀಳ್ಲಿ ಅಂತೀಯ. ಮಂಚದ ಕೆಳಗೆ ಹೋದ್ರೆ ಬಗ್ಗಿ ತೆಗೆಯೋಳು ನೀನಾ? ತಾಳು, ತಟ್ಟೆ ತರ್ತೀನಿ. ಕನ್ನಡಕ ಬೇರೆ ಎಲ್ಲಿಟ್ಟೆನೋ.”

ಅಷ್ಟರಲ್ಲಿ ಕೊನೆಯ ಡಬ್ಬಿ ದಾಟಿ ಮೆಷಿನ್ ನಿಲ್ಲುತ್ತದೆ. ಆ ಸದ್ದು ನಿಂತ ಕೂಡಲೇ ಸಾಹೇಬರ ಸ್ಟಾಪ್‌ವಾಚಿನ ‘ಟಿಕ್’ ನನಗೂ ಕೇಳಿಸುತ್ತದೆ. ಉಳಿದವರು ಉರುಳೆ ತೊಳೆಯಲು ಶುರುಮಾಡುತ್ತಾರೆ. ಫೋನಿನಲ್ಲಿ ಗುಂಡಿಗಳು ತಟ್ಟೆಗೆ ಸುರಿಯುವ ಸದ್ದು. ಡಬ್ಬಿಯಕ್ಕ ಎಡಗೈಯನ್ನೇ ಕಾಗದ ಮಾಡಿಕೊಂಡು ಮಾರ್ಕರ್ ಹಿಡಿದಿದ್ದಾರೆ.

“ಇಪ್ಪತ್ತೆರಡು. ಹದಿನೆಂಟು. ಆಮೇಲೆ... ಏನಮ್ಮಾ ಇದು ಸುತ್ತಿ ಸುತ್ತಿ ಬರೆದಿದೀಯ? ಇದು ಆರೋ ಒಂಬತ್ತೋ?”

“ಕೆಳಗೆ ಗೆರೆ ಇದ್ಯಾ?”

“ಇದೆ.”

“ಹಂಗಾದ್ರೆ ಆರು. ನಾನು ಆರಕ್ಕೆ ಯಾವಾಗ್ಲೂ ಗೆರೆ ಹಾಕ್ತೀನಿ. ಮುಂದೆ ಓದಿ ಅತ್ತೆ, ಬೇಗ.”

ಹನ್ನೆರಡನೇ ಅಂಕಿ ಮುಗಿಯುವಷ್ಟರಲ್ಲಿ ಐದು ನಿಮಿಷ ಕಳೆದಿದೆ. ಅಲ್ಲಿಂದ ಮುಂದೆ ಡಬ್ಬಿಯಕ್ಕ ಮೆಷಿನ್ ಮೇಲೆ ಬಗ್ಗಿದವರು ತಲೆ ಎತ್ತುವುದಿಲ್ಲ. ಒಂದೇ ಸ್ಪ್ಯಾನರ್, ಆರು ಅಚ್ಚು, ಎಡಗೈ ನೋಡುವುದು, ತಿರುಪು ತಿರುವುವುದು. ಇಪ್ಪತ್ತೊಂಬತ್ತನೇ ನಿಮಿಷಕ್ಕೆ ಮೊದಲ ಡಬ್ಬಿಗಳು ಬರುತ್ತವೆ. ಕಪ್ಪು ಸರಿಯಾಗಿದೆ, ಚಿನ್ನದ ಅಕ್ಷರ ಕೂದಲೆಳೆಯಷ್ಟು ಎಡಕ್ಕೆ ಜರುಗಿದೆ. ಒಂದು ಸುತ್ತು, ಇನ್ನರ್ಧ ಸುತ್ತು. ಗ್ರಾಹಕರು ಸಹಿ ಹಾಕಿಕೊಟ್ಟ ಮಾದರಿ ಡಬ್ಬಿಯ ಪಕ್ಕದಲ್ಲಿಟ್ಟು ದೀಪದಡಿ ನೋಡುತ್ತಾರೆ, ಮತ್ತೆ ತಿರುಗಿಸುತ್ತಾರೆ. ಮೇಲ್ವಿಚಾರಕರು ಉಗುರು ಕಚ್ಚುತ್ತಿದ್ದಾರೆ. ನನಗೂ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಮೆಷಿನ್ ಪೂರ್ತಿ ವೇಗ ಹಿಡಿದಾಗ ಸಾಹೇಬರು ವಾಚ್ ಒತ್ತಿ, ಎರಡೆರಡು ಸಲ ನೋಡುತ್ತಾರೆ.

“ನಲವತ್ತಮೂರು.”

ಯಾರೂ ಚಪ್ಪಾಳೆ ತಟ್ಟುವುದಿಲ್ಲ. ತೊಳೆಯುವವರಲ್ಲೊಬ್ಬರು ಅಲ್ಲೇ ನೆಲಕ್ಕೆ ಕೂತುಬಿಡುತ್ತಾರೆ. ಡಬ್ಬಿಯಕ್ಕ ಒಂದು ಡಬ್ಬಿ ತೆಗೆದು, ಬೋರಲು ಹಾಕಿ, ಎಡಗೈ ನೋಡಿಕೊಂಡು ಬುಡದಲ್ಲಿ ಬರೆಯತೊಡಗುತ್ತಾರೆ. ಅರವತ್ತೆರಡನೆಯದು. ಆಗ ಫೋನಿನೊಳಗಿಂದ ದನಿ ಬರುತ್ತದೆ. ಕರೆ ಕತ್ತರಿಸುವುದನ್ನೇ ಎಲ್ಲರೂ ಮರೆತಿದ್ದರು.

“ಗುಂಡಿ ವಾಪಸ್ ತುಂಬಿಸ್ಲಾ, ಇನ್ನೂ ಏನಾದ್ರೂ ಓದೋದಿದ್ಯಾ?”

ಮುಂದಿನ ವಾರ ಮತ್ತೆ ಹೋಗಿದ್ದೆ. ಎರಡನೇ ಮೆಷಿನ್ ಇಲ್ಲೇ ಉಳಿಯುತ್ತದೆ ಎಂಬ ಪತ್ರ ಬಂದಿದೆ. ಹನ್ನೊಂದು ಜನವೂ ಕೆಲಸದಲ್ಲಿದ್ದಾರೆ. ಸೂಚನಾ ಫಲಕದಲ್ಲಿ ಪರೀಕ್ಷೆಯ ದಿನ ತೆಗೆದ ‘ಸಮಯ ಉಳಿತಾಯ ತಂಡ’ ಎಂಬ ದೊಡ್ಡ ಫೋಟೋ: ನಡುವೆ ಗಡಿಯಾರ ಸಾಹೇಬರು, ಅಕ್ಕಪಕ್ಕ ಪ್ಲಾನಿಂಗ್ ಕಚೇರಿಯವರು. ಎಡ ಅಂಚಿನಲ್ಲಿ ಮೊಣಕೈಯಿಂದ ಕೆಳಗಿನ ಒಂದು ಎಡಗೈ ಮಾತ್ರ ಕಾಣುತ್ತದೆ. ಯಾರದ್ದೆಂದು ಕೇಳಬೇಕಾಗಿಲ್ಲ, ಅದರ ಮೇಲಿನ ಮಾರ್ಕರ್ ಅಂಕಿಗಳೇ ಹೇಳುತ್ತವೆ. ಇದನ್ನು ನೋಡಿ ನನಗೆ ಹೊಟ್ಟೆ ಉರಿಯಿತು. ಅವರಿಗೆ ನಗು.

ಸಾಹೇಬರ ವರದಿಯಲ್ಲಿ ‘ಮಾದರಿ ಡಬ್ಬಿ ಸಂಗ್ರಹ ಪದ್ಧತಿ’ ಎಂಬ ಹೊಸ ಸಲಹೆಯೂ ಇದೆಯಂತೆ. ಅದರಂತೆ ಗಾಜಿನ ಬಾಗಿಲಿನ ಹೊಸ ಕಪಾಟು ಬಂದಿದೆ. ಅರವತ್ತೇಳು ಡಬ್ಬಿಗಳು ಒಳಗೆ ಸಾಲಾಗಿ ಕೂತಿವೆ. ಬಾಗಿಲಿಗೆ ಬೀಗ. ಬೀಗದ ಕೈ ಯಾರ ಹತ್ತಿರ ಎಂದು ಕೇಳಿದೆ.

“ಸ್ಟೋರಿನವರ ಹತ್ರ,” ಎಂದರು ಡಬ್ಬಿಯಕ್ಕ. “ಎಂಟಕ್ಕೆ ಬರ್ತಾರೆ. ನನಗೆ ಫೋಟೋ ಬೇಡ, ಹೆಸರೂ ಬೇಡ. ಆ ಬೀಗ ಒಂದು ತೆಗೆಸಿಕೊಟ್ರೆ ಸಾಕು, ಹಾಗಂತ ಬರೀರಿ.”

ಎಮ್ಮೆ ಡಬ್ಬಿಯೂ ಅದರೊಳಗೇ ಇದೆಯಾ ಎಂದೆ. ತಳ್ಳುಗಾಡಿಯಲ್ಲಿ ಮುಂದಿನ ಕೆಲಸದ ಅಚ್ಚು ಜೋಡಿಸುತ್ತಿದ್ದವರು ಕೈ ನಿಲ್ಲಿಸಲಿಲ್ಲ.

“ಒಂದು ಅಲ್ಲಿದೆ. ಇನ್ನೊಂದು ಗುಂಡಿ ತುಂಬ್ಕೊಂಡು ಅತ್ತೆ ಹತ್ರಾನೇ ಇರ್ಲಿ. ಬೆಳಿಗ್ಗೆ ಆರಕ್ಕೆ ಕರೆದ್ರೆ ಎದ್ದು ಬರೋರು ಅವರೊಬ್ಬರೇ.”