ನಾನು ಕಳಿಸದ ರಜೆಯ ಪಟ್ಟಿ

ಜಪಾನಿನ ಕೋಬೆಯಿಂದ ರೈಲಿನಲ್ಲಿ ಅರ್ಧ ಗಂಟೆ ದೂರದ, ಗುಡ್ಡದ ಮೈಮೇಲೆ ಹಬ್ಬಿದ ಒಂದು ಸಣ್ಣ ಊರಿನಲ್ಲಿ ನಾವಿದ್ದೆವು. ಅಲ್ಲಿ ಮತ್ತು ಅಕ್ಕಪಕ್ಕದ ಎರಡು ಸ್ಟೇಷನ್ನುಗಳ ಆಸುಪಾಸಿನಲ್ಲಿ ಸೇರಿ ಏಳೆಂಟು ಕನ್ನಡದ ಮನೆಗಳಿದ್ದವು. ತಿಂಗಳಿಗೊಮ್ಮೆ ನಗರಸಭೆಯ ಪತ್ರಿಕೆ ಅಂಚೆಡಬ್ಬಿಗೆ ಬಂದು ಬೀಳುತ್ತಿತ್ತು. ಅದನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಬಲ್ಲವಳು ನಮ್ಮಲ್ಲಿ ನಾನೊಬ್ಬಳೇ ಆಗಿದ್ದೆ.

ಮೈಸೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದವಳು ನಾನು. ಗಂಡನನ್ನು ಕಂಪನಿ ಇಲ್ಲಿಗೆ ಕಳಿಸಿದಾಗ ಆ ಕೆಲಸ ಬಿಟ್ಟು ಬಂದೆ. ಅವರು ಆಫೀಸಿಗೆ, ಮಗಳು ಶಾಲೆಗೆ ಹೋದ ಮೇಲೆ ಊಟದ ಮೇಜಿನ ಮೇಲೆ ಚೌಕಳಿ ಪುಸ್ತಕ ಹರಡಿಕೊಂಡು ಕಾಂಜಿ ಎಂಬ ಜಪಾನಿ ಚಿತ್ರಾಕ್ಷರಗಳನ್ನು ತಿದ್ದುತ್ತಿದ್ದೆ. ನಾಲ್ಕು ವರ್ಷ ಹಾಗೆ ತಿದ್ದಿ ಪರೀಕ್ಷೆ ಪಾಸು ಮಾಡಿದೆ. ಆಮೇಲೆ ನನಗೆ ನಾನೇ ಒಂದು ಕೆಲಸ ಹಚ್ಚಿಕೊಂಡೆ. ಪತ್ರಿಕೆಯಲ್ಲಿ ನಮ್ಮವರಿಗೆ ಬೇಕಾದದ್ದನ್ನು ಕನ್ನಡಕ್ಕೆ ಇಳಿಸಿ ವಾಟ್ಸಾಪ್ ಗುಂಪಿಗೆ ಹಾಕುವುದು. ಮೇ ತಿಂಗಳ ಸಾಲು ರಜೆಯಲ್ಲಿ, ಹೊಸವರ್ಷದ ರಜೆಯಲ್ಲಿ ಕಸದ ಗಾಡಿ ಯಾವತ್ತು ಬರುತ್ತದೆ, ಬಸ್ಸು ಯಾವ ವೇಳೆಗೆ, ಗ್ರಂಥಾಲಯ ಎಂದು ತೆರೆಯುತ್ತದೆ, ಮಕ್ಕಳಿಗೆ ಜ್ವರ ಬಂದರೆ ರಜೆಯಲ್ಲೂ ಸರದಿಯಂತೆ ಕೂರುವ ಯಾವ ವೈದ್ಯರಲ್ಲಿಗೆ ಹೋಗಬೇಕು, ಎಲ್ಲವೂ ಆ ಪಟ್ಟಿಯಲ್ಲಿ ಇರುತ್ತಿತ್ತು. ಕೆಳಗೆ ಕೈಮುಗಿಯುವ ಚಿತ್ರಗಳ ಸಾಲು ಬೀಳುತ್ತಿತ್ತು. ಆ ಕೈಗಳನ್ನು ನಾನು ಎಣಿಸುತ್ತಿರಲಿಲ್ಲ ಎಂದು ಹೇಳಲಾರೆ.

ಪಟ್ಟಿಯ ಜೊತೆಗೆ ಇನ್ನೊಂದು ಹಟವೂ ನನಗಿತ್ತು. ನಮ್ಮ ಅಪಾರ್ಟ್‌ಮೆಂಟಿನಿಂದ ಶಿಶುವಿಹಾರದ ಕಡೆಗೆ ಇಳಿಯುವ ರಸ್ತೆ ಬಹಳ ಕಡಿದು. ಕಾಲುದಾರಿ ಇಲ್ಲ, ಪಕ್ಕದಲ್ಲಿ ಮುಚ್ಚಳವಿಲ್ಲದ ಚರಂಡಿ, ಚಳಿಗಾಲದ ಬೆಳಿಗ್ಗೆ ಮಂಜುಗಟ್ಟಿ ಜಾರುತ್ತದೆ. ಚರಂಡಿ ಮುಚ್ಚಿ, ಹಿಡಿಕಂಬಿ ಹಾಕಿಕೊಡಿ ಎಂದು ಮೂರು ಬಾರಿ ನಗರಸಭೆಗೆ ಪತ್ರ ಬರೆದಿದ್ದೆ. ಗೌರವದ ಪದಗಳಲ್ಲಿ ಒಂದೂ ತಪ್ಪಿಲ್ಲದಂತೆ ದಿನಗಟ್ಟಲೆ ಕೂತು ಬರೆದ ಪತ್ರಗಳು ಅವು. ಅಷ್ಟೇ ಗೌರವದಿಂದ ಉತ್ತರ ಬರುತ್ತಿತ್ತು: ನಿಮ್ಮ ಅಭಿಪ್ರಾಯವನ್ನು ಮುಂದಿನ ಯೋಜನೆಗಳಿಗೆ ಗಮನದಲ್ಲಿಟ್ಟುಕೊಳ್ಳುತ್ತೇವೆ. ಗಂಡ ನಗುತ್ತಿದ್ದರು. ನಾನು ಆ ಉತ್ತರಗಳನ್ನು ಫೈಲಿನಲ್ಲಿ ಇಟ್ಟುಕೊಳ್ಳುತ್ತಿದ್ದೆ.

ಒಂದು ವಸಂತದಲ್ಲಿ ಕೆಳಗಿನ ಮಹಡಿಗೆ ತುಮಕೂರಿನ ದಂಪತಿ ಬಂದರು. ಗಂಡ ಸಂಶೋಧಕ. ಹೆಂಡತಿಗೆ ಮೂವತ್ತು ದಾಟಿರಲಿಲ್ಲ, ಒಂದೂವರೆ ವರ್ಷದ ಹೆಣ್ಣುಮಗು. ಬಂದ ವಾರವೇ ನನ್ನನ್ನು ಅಕ್ಕ ಎಂದಳು. ಜಪಾನಿ ಭಾಷೆಯಲ್ಲಿ ಅವಳಿಗೆ ಬರುತ್ತಿದ್ದದ್ದು ಕ್ಷಮಿಸಿ ಎನ್ನುವ ಸುಮಿಮಾಸೆನ್, ಧನ್ಯವಾದ ಎನ್ನುವ ಅರಿಗಾತೋ, ಮತ್ತೆ ಮೂಲೆಯಂಗಡಿ ಕೊಂಬಿನಿಯಲ್ಲಿ ಚೀಲ ಬೇಡ ಎನ್ನುವಷ್ಟು. ಕಸ ವಿಂಗಡಿಸುವುದರಿಂದ ಹಿಡಿದು ಮಗುವಿನ ಲಸಿಕೆಯ ಕಾಗದ ತುಂಬುವವರೆಗೆ ಎಲ್ಲದಕ್ಕೂ ಮೆಟ್ಟಿಲು ಹತ್ತಿ ನನ್ನಲ್ಲಿಗೇ ಬರುತ್ತಿದ್ದಳು. ನನಗದು ಇಷ್ಟವಾಗಿತ್ತು. ನಾನಿಲ್ಲದೆ ಅವಳಿಗೆ ಆಗುವುದಿಲ್ಲ ಎಂಬುದು ಇನ್ನೂ ಇಷ್ಟವಾಗಿತ್ತು.

ನೆರೆಹೊರೆ ಸಂಘದವರು ತಿಂಗಳಿಗೊಂದು ಭಾನುವಾರ ಬೀದಿ ಗುಡಿಸಿ, ಚರಂಡಿಯ ಕೆಸರು ಎತ್ತುತ್ತಾರೆ. ನಾನು ಸಂಘದ ಚಂದಾ ಕೊಟ್ಟು ಸುಮ್ಮನಿರುತ್ತಿದ್ದೆ. ಗುಡಿಸಲಿಕ್ಕೆ ಹೋಗುತ್ತಿರಲಿಲ್ಲ. ಅವಳು ಮಾತ್ರ ಮೊದಲ ತಿಂಗಳೇ ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಹೋದಳು. ಡಬ್ಬಿ ತುಂಬ ಕೋಡುಬಳೆ ಒಯ್ದಿದ್ದಳು. ಮುದುಕಿಯರೆಲ್ಲ ಮಗುವನ್ನು ಎತ್ತಿಕೊಳ್ಳಲು ಸಾಲುನಿಂತರಂತೆ. ಸಂಘದ ಅಧ್ಯಕ್ಷರು ಎಂಬತ್ತರ ಆಸುಪಾಸಿನ, ಬಗ್ಗದ ಬೆನ್ನಿನ ಮುದುಕರು. ನನಗೆ ಏಳು ವರ್ಷಗಳಿಂದ ಬರೀ ತಲೆಬಾಗಿಸಿ ನಮಸ್ಕಾರ ಮಾಡುತ್ತಿದ್ದವರು, ಅವಳಿಗೆ ಮೂರನೇ ತಿಂಗಳಿಗೆ ತಮ್ಮ ತೋಟದ ಸೌತೆಕಾಯಿ ಕಳಿಸಿಕೊಟ್ಟರು.

ಮಳೆಗಾಲದ ಒಂದು ಬೆಳಿಗ್ಗೆ ಅವಳ ತಳ್ಳುಗಾಡಿಯ ಚಕ್ರ ಆ ಚರಂಡಿಗೆ ಇಳಿದು ಸಿಕ್ಕಿಕೊಂಡಿತು. ಮಗುವಿಗೆ ಏನೂ ಆಗಲಿಲ್ಲ. ಅಧ್ಯಕ್ಷರೇ ಓಡಿಬಂದು ಎತ್ತಿಕೊಟ್ಟರು. ಅವಳು ಅಲ್ಲೇ ನಿಂತು, ಕೈಯಲ್ಲಿ ಚರಂಡಿ ತೋರಿಸಿ, ಮುಚ್ಚಿದ ಹಾಗೆ ಅಭಿನಯಿಸಿ, "ಇಲ್ಲಿ, ಮುಚ್ಚಳ, ದಯವಿಟ್ಟು" ಎಂಬ ಅರ್ಥ ಬರುವ ಮೂರು ಪದ ಹೇಳಿದಳಂತೆ. ಮುದುಕರು ಮರುದಿನವೇ ಒಂದು ಹಲಗೆಗೆ ಕಾಗದ ಸಿಕ್ಕಿಸಿಕೊಂಡು ಮನೆಮನೆಗೆ ಹೋಗಿ ಸಹಿ ಹಾಕಿಸಿದರು. ನಮ್ಮ ಮನೆಗೂ ಬಂದರು. ನಾನೂ ಹಾಕಿದೆ. ಸಂಘದ ಮೊಹರು ಬಿದ್ದ ಅರ್ಜಿ ನಗರಸಭೆಗೆ ಹೋಯಿತು. ಎಲೆ ಉದುರುವ ಕಾಲಕ್ಕೆ ಅಳತೆ ಪಟ್ಟಿ ಹಿಡಿದ ಇಬ್ಬರು ಬಂದು ರಸ್ತೆಯ ಮೇಲೆ ಗುಲಾಬಿ ಬಣ್ಣದ ಗೆರೆ ಎಳೆದು ಹೋದರು.

ಆ ಗೆರೆಯ ಪಕ್ಕ ನಿಂತು ನನಗಾದದ್ದು ಸಂತೋಷವಲ್ಲ. ಮೂರು ವರ್ಷ ನಾನು ಕೇಳಿದ್ದು ಇದೇ ರಸ್ತೆ. ನನ್ನ ಮಗಳು ಇದೇ ಇಳಿಜಾರಿನಲ್ಲಿ ಎರಡು ಸಲ ಬಿದ್ದು ಮಂಡಿ ತರಚಿಕೊಂಡಿದ್ದಳು. ಒಬ್ಬಳು ಬಂದು ಮೂರು ಪದ ಹೇಳಿದಳು, ಆಯಿತು. ಗಂಡನಿಗೆ ಹೇಳಿದರೆ, "ರಸ್ತೆ ಆಗ್ತಿದೆಯಲ್ಲ, ಇನ್ನೇನು ಬೇಕು ನಿನಗೆ?" ಎಂದರು. ಏನು ಬೇಕೆಂದು ಹೇಳುವ ಧೈರ್ಯ ನನಗಿರಲಿಲ್ಲ.

ಡಿಸೆಂಬರಿನ ಪತ್ರಿಕೆ ಬಂದ ಸಂಜೆ ಅವಳು ಅದನ್ನು ಹಿಡಿದುಕೊಂಡೇ ಮೇಲೆ ಬಂದಳು. ನಾಲ್ಕನೇ ಪುಟದಲ್ಲಿ ರಸ್ತೆ ಕಾಮಗಾರಿಗಳ ಸುದ್ದಿಯ ನಡುವೆ ನಮ್ಮ ಇಳಿಜಾರಿನ ಚಿತ್ರವಿತ್ತು. ಗುಲಾಬಿ ಗೆರೆಯ ಪಕ್ಕ ತಳ್ಳುಗಾಡಿ ಹಿಡಿದು ಅವಳು ನಗುತ್ತಿದ್ದಳು.

"ಅಕ್ಕ, ನನ್ ಬಗ್ಗೆ ಏನೋ ಬರ್ದಿದಾರಂತೆ. ಸ್ವಲ್ಪ ಓದಿ ಹೇಳ್ತೀರಾ?"

ಓದಿ ಹೇಳಿದೆ. ವಸಂತದೊಳಗೆ ಚರಂಡಿಗೆ ಮುಚ್ಚಳ ಬೀಳುತ್ತದೆ, ಹಿಡಿಕಂಬಿ ಹಾಕುತ್ತಾರೆ, ಹೊಸವರ್ಷದ ರಜೆಯಲ್ಲಿ ಕೆಲಸ ನಿಂತಿರುತ್ತದೆ ಎಂದೆ. ಸುದ್ದಿಯ ಕೊನೆಯಲ್ಲಿ ಒಂದು ವಾಕ್ಯವಿತ್ತು. ದೂರದ ದೇಶದಿಂದ ಬಂದ ಈ ತಾಯಿಯ ಧ್ವನಿ ನಮ್ಮ ಬೀದಿಯ ಎಲ್ಲರ ಧ್ವನಿಯಾಯಿತು ಎಂದು ಅಧ್ಯಕ್ಷರು ಹೇಳಿದ್ದರು. ಅದನ್ನು ನಾನು ಓದಲಿಲ್ಲ. ಕಣ್ಣು ಆ ಸಾಲಿನ ಮೇಲೆ ಹಾದುಹೋಯಿತು, ಬಾಯಿ ಮುಚ್ಚಿಕೊಂಡಿತು.

"ಅಷ್ಟೇನಾ?" ಎಂದಳು.

"ಅಷ್ಟೇ" ಎಂದೆ.

ಅವಳು ಪತ್ರಿಕೆಯನ್ನು ಮಡಚಿ, ತುಮಕೂರಿನ ತನ್ನ ಅಮ್ಮನಿಗೆ ಫೋಟೋ ಕಳಿಸುತ್ತೇನೆಂದು ಕುಣಿಯುತ್ತ ಇಳಿದು ಹೋದಳು.

ಅದೇ ಪತ್ರಿಕೆಯ ಏಳನೇ ಪುಟದಲ್ಲಿ ಹೊಸವರ್ಷದ ರಜೆಯ ವಿವರಗಳಿದ್ದವು. ಪೆಟ್ಟಿಗೆ ಕಟ್ಟಿ ಒಂದು ಬದಲಾವಣೆಯನ್ನು ಹಾಕಿದ್ದರು. ಮಕ್ಕಳ ಸರದಿ ವೈದ್ಯರು ಇರುತ್ತಿದ್ದ ಕಟ್ಟಡದ ಮುಂದಿನ ರಸ್ತೆಯನ್ನು ಕೊಳವೆ ಹಾಕಲು ಅಗೆದಿರುವುದರಿಂದ, ಈ ರಜೆಯಲ್ಲಿ ಅವರು ಸ್ಟೇಷನ್ ಹಿಂದಿನ ಆರೋಗ್ಯ ಕೇಂದ್ರದಲ್ಲಿ ಇರುತ್ತಾರೆ. ನಾನದನ್ನು ಎರಡು ಸಲ ಓದಿದೆ. ಮರುದಿನ ಸಂಜೆ ಪೆನ್ನು ತೆಗೆದುಕೊಂಡು ಪಟ್ಟಿ ಬರೆಯಲೂ ಕೂತೆ. ಕಸದ ಗಾಡಿಯವರೆಗೆ ಬರೆದು ನಿಲ್ಲಿಸಿದೆ. ಗುಂಪಿನಲ್ಲಿ ಬೆಳಗಿನಿಂದ ಅವಳ ಚಿತ್ರವೇ ಓಡಾಡುತ್ತಿತ್ತು. ನಮ್ಮ ಹುಡುಗಿ ಪೇಪರಿನಲ್ಲಿ ಬಂದಿದ್ದಾಳೆ, ನಮಗೆಲ್ಲ ಹೆಮ್ಮೆ ಎಂದು ಎಲ್ಲರೂ ಬರೆಯುತ್ತಿದ್ದರು. ಬೇಕಾದವರು ಅವಳನ್ನೇ ಕೇಳಿಕೊಳ್ಳಲಿ ಎಂದುಕೊಂಡು ಹಾಳೆಯನ್ನು ಮಡಚಿ ಅಡುಗೆಮನೆಯ ಡ್ರಾಯರಿಗೆ ಹಾಕಿದೆ. ನಾಳೆ ಕಳಿಸಿದರಾಯಿತು ಎಂದು ಒಂದು ನೆಪವನ್ನೂ ಅದರ ಜೊತೆಗೆ ಇಟ್ಟೆ. ನಾಳೆ, ನಾಳಿದ್ದು ಎನ್ನುತ್ತ ವರ್ಷ ಮುಗಿಯಿತು. ಉಳಿದವರು ಹಳಬರು. ಹೇಗೋ ನಿಭಾಯಿಸಿಕೊಂಡರು, ಕೇಳಲಿಲ್ಲ.

ಜನವರಿ ಎರಡನೆಯ ತಾರೀಕು ಬೆಳಿಗ್ಗೆ ಅವಳ ಮಗುವಿಗೆ ಜ್ವರ ಏರಿತು. ಅವಳ ಗಂಡ ದೂರದ ಸೆಂಡಾಯ್‌ಗೆ ಗೆಳೆಯರಲ್ಲಿಗೆ ಹೋಗಿದ್ದರು. ಮೇ ತಿಂಗಳಲ್ಲಿ ನಾನು ಕಳಿಸಿದ್ದ ಪಟ್ಟಿ ಅವಳ ಫೋನಿನಲ್ಲಿತ್ತು. ಅದನ್ನೇ ನೋಡಿಕೊಂಡು, ಮಗುವನ್ನು ಎದೆಗೆ ಕಟ್ಟಿಕೊಂಡು ಬಸ್ಸಿನಲ್ಲಿ ಹಳೆಯ ಕಟ್ಟಡಕ್ಕೆ ಹೋದಳು. ರಸ್ತೆ ಅಗೆದು ಬೇಲಿ ಹಾಕಿದ್ದರು, ಬಾಗಿಲಿಗೆ ಕಾಗದ ಅಂಟಿಸಿದ್ದರು. ಅವಳಿಗೆ ಓದಲು ಬರಲಿಲ್ಲ. ರಜೆಯ ಬಸ್ಸು ಮತ್ತೆ ಬರಲು ಒಂದು ಗಂಟೆ ಇತ್ತು. ಆ ಚಳಿಯಲ್ಲಿ ಅವಳು ನನಗೆ ಎರಡು ಬಾರಿ ಫೋನ್ ಮಾಡಿದ್ದಳು. ನಾನು ಮನೆಯವರೊಂದಿಗೆ ದೇಗುಲಕ್ಕೆ ಹೋಗಿದ್ದೆ. ಜನಜಂಗುಳಿಯಲ್ಲಿ ಕೇಳಿಸಿರಲಿಲ್ಲ. ಅಷ್ಟರಮಟ್ಟಿಗೆ ತಪ್ಪು ನನ್ನದಲ್ಲ. ಆಮೇಲೆ ಅವಳು ಅಧ್ಯಕ್ಷರಿಗೆ ಫೋನ್ ಮಾಡಿದಳು. ಅವರು ಮೊಮ್ಮಕ್ಕಳೊಂದಿಗೆ ಹಬ್ಬದೂಟಕ್ಕೆ ಕೂತಿದ್ದವರು ಎದ್ದು, ತಮ್ಮ ಪುಟ್ಟ ಕಾರಿನಲ್ಲಿ ಬಂದು ಸರಿಯಾದ ಜಾಗಕ್ಕೆ ಕರೆದೊಯ್ದರು. ಕಿವಿಯ ಸೋಂಕು. ಔಷಧ ಕೊಟ್ಟರು, ಎರಡು ದಿನಕ್ಕೆ ಮಗು ಚೇತರಿಸಿಕೊಂಡಿತು.

ಮಧ್ಯಾಹ್ನ ಫೋನ್ ನೋಡಿ ನಾನು ಗಾಬರಿಯಾಗಿ ಕೆಳಗೆ ಓಡಿದೆ. ಅವಳು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದಳು. ನಡೆದದ್ದನ್ನೆಲ್ಲ ಹೇಳಿ, ನನ್ನ ಮುಖ ನೋಡಿ, "ಈ ಸಲ ನಿಮ್ ಲಿಸ್ಟ್ ಬರ್ಲಿಲ್ವಲ್ಲ ಅಕ್ಕ, ನಿಮ್ಗೇ ಹುಷಾರಿಲ್ವೇನೋ ಅಂದ್ಕೊಂಡೆ. ಕೇಳ್ಬೇಕು ಅಂತಿದ್ದೆ, ಮರ್ತೆ" ಎಂದಳು.

ನನಗೆ ಹುಷಾರಿರಲಿಲ್ಲ ಎಂದುಬಿಡಬಹುದಿತ್ತು. ರಾಗಿ ಗಂಜಿ ಮಾಡಿಕೊಟ್ಟು ಬಂದೆ. ಒಂದು ವಾರ ಅನ್ನ ರುಚಿಸಲಿಲ್ಲ. ಇಷ್ಟಾದರೂ ನನ್ನ ಮನಸ್ಸಿನ ಇನ್ನೊಂದು ಮೂಲೆಯಲ್ಲಿ ಬೇರೆಯೇ ಒಂದು ಸಂಕಟವಿತ್ತು: ನನ್ನ ಮಗಳಿಗೆ ಹೀಗಾಗಿದ್ದರೆ ನಾನು ಫೋನ್ ಮಾಡಲು ಆ ಊರಿನಲ್ಲಿ ಯಾವ ಮುದುಕರಿದ್ದರು? ಮಗುವಿನ ಜ್ವರದ ವಿಷಯದಲ್ಲೂ ಅವಳ ಮೇಲೆ ಹೊಟ್ಟೆಕಿಚ್ಚುಪಡಬಲ್ಲೆ ಎಂದು ತಿಳಿದಾಗ ನನಗೆ ನನ್ನ ಬಗ್ಗೆ ಹೆದರಿಕೆಯಾಯಿತು.

ಮುಂದಿನ ಸೋಮವಾರ ಬೆಳಿಗ್ಗೆ ಅವಳು ಇಳಿಜಾರಿನಲ್ಲಿ ಸಿಕ್ಕಳು. ಕೆಲಸದವರು ಚರಂಡಿಯ ಕಲ್ಲುಗಳನ್ನು ಕೀಳುತ್ತಿದ್ದರು. ಅಲ್ಲೇ ಹೇಳಿದೆ. ಪಟ್ಟಿ ಅರ್ಧ ಬರೆದಿದ್ದೆ, ಬೇಕೆಂದೇ ಕಳಿಸಲಿಲ್ಲ, ನಿನ್ನ ಫೋಟೋ ನೋಡಿ ಹೊಟ್ಟೆ ಉರಿದಿತ್ತು ಎಂದೆ. ಬಿಟ್ಟ ವಾಕ್ಯವನ್ನೂ ಹೇಳಿದೆ.

ಅವಳು ಮೆಲ್ಲಗೆ ಕೇಳಿದಳು.

"ಡಾಕ್ಟ್ರು ಬೇರೆ ಕಡೆ ಅಂತ ನಿಮ್ಗೆ ಗೊತ್ತಿತ್ತಾ ಅಕ್ಕ?"

"ಗೊತ್ತಿತ್ತು."

"ನಿಮ್ ಮೇಲೆ ನಂಬಿಕೆ ಇಟ್ಟು ಮನೆಯಿಂದ ಹೊರಟೆ ನಾನು" ಎಂದಳು. ಅಷ್ಟು ಹೇಳಿ ನಡೆದುಬಿಟ್ಟಳು.

ಎರಡು ತಿಂಗಳು ಅವಳು ಮೇಲೆ ಬರಲಿಲ್ಲ. ಎದುರಾದರೆ ನಮಸ್ಕಾರ ಎನ್ನುತ್ತಿದ್ದಳು, ಅಕ್ಕ ಎನ್ನುತ್ತಿರಲಿಲ್ಲ. ಸಮುದಾಯ ಭವನದಲ್ಲಿ ವಾರಕ್ಕೆರಡು ದಿನ ನಡೆಯುವ ಭಾಷಾ ತರಗತಿಗೆ ಸೇರಿದ್ದಾಳೆಂದು ಬೇರೆಯವರಿಂದ ತಿಳಿಯಿತು. ನಾನು ಭಾನುವಾರದ ಶುಚಿ ಕೆಲಸಕ್ಕೆ ಹೋಗತೊಡಗಿದೆ. ಮೊದಲ ದಿನ ಅಧ್ಯಕ್ಷರು ಒಂದು ಸಲಿಕೆ ಕೊಟ್ಟು, ನನ್ನ ಜಪಾನಿ ಭಾಷೆಯನ್ನು ಹೊಗಳಿದರು. ಇಷ್ಟು ಚೆನ್ನಾಗಿ ಮಾತಾಡುತ್ತೀರಿ, ಇಷ್ಟು ದಿನ ಎಲ್ಲಿದ್ದಿರಿ ಎಂದರು. ನಾನು ಬಗ್ಗಿ ಕೆಸರು ಎತ್ತತೊಡಗಿದೆ.

ಮಾರ್ಚ್ ಕೊನೆಗೆ ರಸ್ತೆ ಸಿದ್ಧವಾಯಿತು. ಉದ್ಘಾಟನೆ ಎಂಬುದೇನೂ ಇರಲಿಲ್ಲ, ಬೇಲಿ ತೆಗೆದರು ಅಷ್ಟೆ. ಸಂಘದವರು ಹತ್ತು ಹದಿನೈದು ಜನ ಸೇರಿ ಮೇಲಿನಿಂದ ಕೆಳಗೆ ನಡೆದೆವು. ಅವಳನ್ನು ಮುಂದೆ ಬಿಟ್ಟರು. ಮುದುಕಿಯರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ತಟ್ಟುವಾಗ ಎದೆಯೊಳಗೆ ಚುಚ್ಚಿದ್ದು ನಿಜ. ಅಸೂಯೆ ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅದು ಇದ್ದೇ ಇತ್ತು, ಆದರೆ ಅದರ ಮಾತು ಕೇಳಿ ಏನೂ ಮಾಡಬಾರದೆಂದು ಅಷ್ಟರಲ್ಲಿ ಕಲಿತಿದ್ದೆ. ಕೆಳಗೆ ತಲುಪಿದ ಮೇಲೆ ಅವಳು ಹಿಂದೆ ತಿರುಗಿ, ಎಲ್ಲರ ನಡುವೆ ನನ್ನನ್ನು ಹುಡುಕಿ, "ಅಕ್ಕ, ಇವ್ಳನ್ನ ಸ್ವಲ್ಪ ಹಿಡ್ಕೊಳ್ಳಿ" ಎಂದು ಮಗುವನ್ನು ನನ್ನ ಕೈಗೆ ಕೊಟ್ಟಳು. ಮಗು ಭಾರವಾಗಿತ್ತು, ಬೆಳೆದಿತ್ತು.

ಆ ಬೇಸಿಗೆಯಲ್ಲಿ ಅವಳ ಗಂಡನಿಗೆ ದೂರದ ನೋಮಿ ಎಂಬ ಊರಿನ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿ ಅವರು ಊರು ಬಿಟ್ಟರು. ಹೊರಡುವ ಮೊದಲು ವಿಳಾಸ ಬದಲಾವಣೆ ದಾಖಲಿಸಲು ನಗರಸಭೆಗೆ ನನ್ನನ್ನೂ ಕರೆದಳು. ಕಾಗದವನ್ನು ಅವಳೇ ತುಂಬಿದಳು. ನಾನು ಪಕ್ಕದಲ್ಲಿ ಕೂತು ನೋಡಿದೆ. ಒಂದು ಅಕ್ಷರದಲ್ಲಿ ಒಂದು ಗೀಟು ಬಿಟ್ಟುಹೋಗಿತ್ತು. ತೋರಿಸಿದೆ, ತಿದ್ದಿದಳು. ಕಿಟಕಿಯ ಹುಡುಗಿ ಕಾಗದ ತೆಗೆದುಕೊಂಡು ಅವಳ ಮುಖ ನೋಡಿ, ಆ ರಸ್ತೆಯವರಲ್ಲವೇ ನೀವು ಎಂದು ಕೇಳಿದಳು. ಅವಳು ನಕ್ಕು, ಪಾಠದ ಪುಸ್ತಕದ ಜಪಾನಿ ಭಾಷೆಯಲ್ಲಿ, ಈ ಅಕ್ಕ ನನಗಿಂತ ಮೂರು ವರ್ಷ ಮೊದಲೇ ಪತ್ರ ಬರೆದಿದ್ದರು ಎಂದಳು. ನನ್ನ ಪತ್ರಗಳ ವಿಷಯ ನಾನು ಅವಳಿಗೆ ಎಂದೂ ಹೇಳಿರಲಿಲ್ಲ. ನನ್ನ ಗಂಡ ಹೇಳಿರಬೇಕು.

ಕಿಟಕಿಯ ಹುಡುಗಿ ನನಗೆ ತಲೆಬಾಗಿಸಿದಳು. ನಾನೂ ಬಾಗಿಸಿದೆ. ನನ್ನನ್ನು ಅಕ್ಕ ಎಂದವಳ ಆ ವಾಕ್ಯದಲ್ಲಿ ಎರಡು ವ್ಯಾಕರಣದ ತಪ್ಪುಗಳಿದ್ದವು. ಹೊರಗೆ ಬಂದ ಮೇಲೂ ನಾನು ಅವನ್ನು ತಿದ್ದಲಿಲ್ಲ.