ಕಾಯಬಹುದಾಗಿದ್ದ ಒಂದು ಗಂಟೆ

ತಂಗಿಯ ಹೊಟ್ಟೆಯನ್ನು ಸ್ಕ್ಯಾನಿಂಗ್ ಮಾಡಿಸಲು ಕರೆದುಕೊಂಡು ಹೋದವಳು ನಾನು. ಮಾಡಿಸದೆ ವಾಪಸು ಕರೆತಂದವಳೂ ನಾನೇ. ಇನ್ನೊಂದು ಗಂಟೆ ಕಾದಿದ್ದರೆ ಆಗಿಹೋಗುತ್ತಿತ್ತು. ನಾನು ಕಾಯಲಿಲ್ಲ, ಅವಳನ್ನೂ ಕಾಯಲು ಬಿಡಲಿಲ್ಲ.

ಅಮ್ಮ ತೀರಿಕೊಂಡಾಗ ತಂಗಿಗೆ ಆರು ವರ್ಷ. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಅವಳನ್ನು ಸಾಕಿದೆ. ಬ್ಯಾಟರಾಯನಪುರದಲ್ಲಿ ನಮಗೆ ಎರಡು ಹಸು ಇದ್ದವು. ಸಂಜಯನಗರದ ಮನೆಗಳಿಗೆ ಹಾಲು ಹಾಕುತ್ತಿದ್ದೆ. ಅವಳನ್ನು ಯಶವಂತಪುರಕ್ಕೆ ಮದುವೆ ಮಾಡಿ ಕೊಟ್ಟಾಗ ಮುಂದೆ ನಿಂತವಳೂ ನಾನೇ. ಹುಡುಗ ಒಳ್ಳೆಯವನು. ಅವನ ತಾಯಿಯ ಮೇಲೆ ಮಾತ್ರ ಮೊದಲಿನಿಂದಲೂ ನನಗೆ ಅನುಮಾನ. ಮಾರ್ಕೆಟ್ಟಿನಲ್ಲಿ ವೀಳ್ಯದೆಲೆ ಮಾರುತ್ತಿದ್ದ ಹೆಂಗಸು. ಮಾತು ಬಹಳ ಕಡಿಮೆ. ಬಾಯಿಬಿಟ್ಟು ಮಾತಾಡದವರು ಮನಸ್ಸಿನಲ್ಲಿ ಏನೋ ಇಟ್ಟುಕೊಂಡಿರುತ್ತಾರೆ ಎಂದು ನಾನು ನಂಬಿದ್ದೆ. ಆಕೆಯ ದೊಡ್ಡ ಸೊಸೆಗೆ ಮೂರೂ ಹೆಣ್ಣು. ಮೂರನೆಯದರ ನಾಮಕರಣದ ದಿನ ಆಕೆ ‘ಇನ್ನು ಸಾಕು’ ಅಂದದ್ದನ್ನು ನಾನು ಕಿವಿಯಾರೆ ಕೇಳಿದ್ದೆ. ಏನು ಸಾಕು ಎಂದು ಕೇಳಿರಲಿಲ್ಲ.

ತಂಗಿ ಬಸುರಿಯಾಗಿ ಎರಡು ತಿಂಗಳು ತುಂಬುತ್ತಿದ್ದಾಗ ಅವಳ ಅತ್ತೆ ನಮ್ಮ ಮನೆಗೆ ಬಂದಳು. ಡಾಕ್ಟರು ಸ್ಕ್ಯಾನಿಂಗ್ ಬರೆದಿದ್ದಾರೆ, ಆರ್.ಟಿ. ನಗರದ ನರ್ಸಿಂಗ್ ಹೋಮಿಗೆ ಹೋಗಬೇಕು, ಮಂಡಿನೋವಿನಿಂದ ತನಗೆ ಮಹಡಿ ಹತ್ತಲಾಗುವುದಿಲ್ಲ, ಜೊತೆಗೆ ನೀನು ಬಾ ಅಂದಳು. ಚೀಟಿಯನ್ನು ನನ್ನ ಕೈಗೇ ಕೊಟ್ಟಳು.

ಮೂರು ತಿಂಗಳು ಕಳೆಯುವ ತನಕ ನಮ್ಮಲ್ಲಿ ಬಸಿರಿನ ವಿಷಯವನ್ನು ಪಕ್ಕದ ಮನೆಗೂ ಹೇಳುವುದಿಲ್ಲ. ಅಂಥದ್ದರಲ್ಲಿ ಒಳಗಿನ ಕೂಸನ್ನು ಮೆಷಿನ್ನಿಗೆ ತೋರಿಸುವುದೆಂದರೇನು? ಆ ಕಾಲದಲ್ಲಿ ಅದು ಹೊಸದು. ನಾನು ಹಾಲು ಹಾಕುವ ಮನೆಯ ಯಜಮಾನಿಯೊಬ್ಬರು, ಅದರಲ್ಲಿ ಗಂಡೋ ಹೆಣ್ಣೋ ತಿಳಿಯುತ್ತದಂತೆ, ಹೆಣ್ಣಾದರೆ ತೆಗೆಸುವವರೂ ಇದ್ದಾರಂತೆ ಎಂದಿದ್ದರು. ಎರಡು ತಿಂಗಳಿಗೆ ಅದೆಲ್ಲ ತಿಳಿಯುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲ. ಡಾಕ್ಟರ ಚೀಟಿ ಇಂಗ್ಲಿಷಿನಲ್ಲಿತ್ತು. ಅದೇ ಯಜಮಾನಿಗೆ ತೋರಿಸಿದ್ದರೆ ಓದಿ ಹೇಳುತ್ತಿದ್ದರು. ಅದನ್ನೂ ಮಾಡದೆ ಮಡಚಿ ಚೀಲದಲ್ಲಿಟ್ಟುಕೊಂಡೆ. ಬಲಗಡೆ ಆಗಾಗ ಚುಚ್ಚುತ್ತೆ ಅಕ್ಕ ಎಂದು ತಂಗಿ ಹೇಳಿದ್ದಳು. ವಾಯು ಇರಬೇಕೆಂದು ಜೀರಿಗೆ ಕಷಾಯ ಕುಡಿಸಿದ್ದೆ.

ಆ ದಿನ ಅತ್ತೆ ಸೊಸೆ ಬಸ್ಸಿನಿಂದ ಇಳಿದಾಗ ಅತ್ತೆಯ ಕೈಯಲ್ಲಿ ಮುಚ್ಚಳದ ಸ್ಟೀಲ್ ಕ್ಯಾನು ಇತ್ತು. ನರ್ಸಿಂಗ್ ಹೋಮಿನ ಮೆಟ್ಟಿಲ ಮೇಲೆ ಕೂತು ಆಕೆ ಅದರಿಂದ ನೀರು ಬಗ್ಗಿಸಿ ತಂಗಿಗೆ ಒಂದೊಂದೇ ಲೋಟ ಕೊಡತೊಡಗಿದಳು. ಬಿಸಿಲಲ್ಲಿ ನಡೆದು ಬಂದಿದ್ದ ನನಗೂ ಒಂದು ಲೋಟ ಕೊಡಿ ಅಂದೆ.

“ನಿಂಗಲ್ಲ ಕಣಮ್ಮ ಇದು. ಅವಳಿಗೇ ಬೇಕು” ಅಂದಳು.

ತಂಗಿ ಆರು ಲೋಟ ಕುಡಿದಳು. ಒಳಗೆ ಕರೆಯುವ ತನಕ ತಡೆದುಕೊಂಡಿರಬೇಕು, ಪಾಯಿಖಾನೆಗೆ ಎದ್ದು ಹೋಗಬಾರದು ಎಂದು ಆಕೆ ಎರಡು ಸಲ ಹೇಳಿದಳು. ಮೈಯಿಂದ ಹೊರಗೆ ಹೋಗಬಾರದಂಥದ್ದು ಆ ನೀರಿನಲ್ಲಿ ಏನಿದೆ? ಮಹಡಿ ಹತ್ತುವಷ್ಟರಲ್ಲಿ, ಏನೋ ಬೆರೆಸಿದ್ದಾಳೆ ಎಂದು ನಾನು ತೀರ್ಮಾನ ಮಾಡಿಯಾಗಿತ್ತು.

ಬೆಂಚಿನ ಮೇಲೆ ತಂಗಿ ಕಾಲು ಬಿಗಿಹಿಡಿದು ಕೂತಿದ್ದಳು. ಮೂಲೆಯಲ್ಲಿದ್ದ ಪಾಯಿಖಾನೆ ತೋರಿಸಿ, “ಹೋಗ್ಬಿಟ್ಟು ಬಾ” ಅಂದೆ.

“ಅತ್ತೆ ತಡ್ಕೋ ಅಂದವ್ರೆ.”

“ನಿನ್ನ ಸಾಕಿದ್ದು ನಾನಾ, ನಿಮ್ಮತ್ತೆನಾ?”

ಅವಳು ನನ್ನ ಮುಖ ನೋಡಿ ಎದ್ದು ಹೋದಳು.

ಆಮೇಲೆ ಅವಳನ್ನು ಒಳಗೆ ಕರೆದರು. ಸ್ವಲ್ಪ ಹೊತ್ತಿಗೆ ನರ್ಸ್ ಹೊರಗೆ ಬಂದು, ಮೂತ್ರಕೋಶ ತುಂಬಿದ್ದರೇ ಮೆಷಿನ್ನಿನಲ್ಲಿ ಕಾಣುವುದು, ಇವರದು ಖಾಲಿಯಾಗಿದೆ, ಮತ್ತೆ ನೀರು ಕುಡಿಸಿ, ಒಂದು ಗಂಟೆ ಕಾಯಿರಿ, ಮಧ್ಯಾಹ್ನ ಎರಡು ಗಂಟೆಯ ತನಕ ಡಾಕ್ಟರು ಇರುತ್ತಾರೆ ಅಂದಳು. ನೀರು ಯಾಕೆಂದು ಆಗ ನನಗೆ ತಿಳಿಯಿತು. ಕೆಳಗೆ ಹೋಗಿ ಆ ಕ್ಯಾನು ತರಬೇಕಾಗಿತ್ತು. ಆದರೆ ಏನೆಂದು ಹೇಳಿ ಕೇಳುವುದು? ನೀರಿನ ಮೇಲಿದ್ದ ಅನುಮಾನ ಹೋಗಿದ್ದರೂ ಮೆಷಿನ್ನಿನ ಮೇಲಿನದು ಹೋಗಿರಲಿಲ್ಲ. ನಾನು ನರ್ಸಿಗೆ ಆಯಿತು ಅಂದೆ. ಹೊಟ್ಟೆಗೆ ಹಚ್ಚಿದ್ದ ಅಂಟನ್ನು ಸೆರಗಿನಿಂದ ಒರೆಸಿಕೊಳ್ಳುತ್ತ ಬಂದ ತಂಗಿಗೆ, ಇವತ್ತು ಆಗುವುದಿಲ್ಲವಂತೆ, ಇನ್ನೊಂದು ದಿನ ಬರಬೇಕಂತೆ ಅಂದೆ.

ಕೆಳಗೆ ಅತ್ತೆ ಯಾಕೆಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ತಂಗಿ, “ನಂಗೇ ತಡಿಯಕ್ಕಾಗ್ಲಿಲ್ಲ ಅತ್ತೆ, ಹೋಗ್ಬಿಟ್ಟೆ” ಅಂದಳು. ನನ್ನ ಹೆಸರೆತ್ತಲಿಲ್ಲ. ನಾನೂ ತಿದ್ದಲಿಲ್ಲ. ಹೋಗಲಿ ಬಿಡು, ಸೋಮವಾರ ಬರೋಣ ಎಂದು ಆಕೆ ಕ್ಯಾನಿನ ಮುಚ್ಚಳ ಹಾಕಿದಳು.

ನಾಲ್ಕು ದಿನ ಸುಧಾರಿಸಿಕೊಳ್ಳಲಿ ಎಂದು ನಾನು ತಂಗಿಯನ್ನು ನಮ್ಮ ಮನೆಗೆ ಕರೆತಂದೆ. ಸೋಮವಾರ ಬಂದಾಗ ಅಮಾವಾಸ್ಯೆ ಕಳೆಯಲಿ ಅಂದೆ. ಅತ್ತೆ ಎರಡು ಸಲ ಹೇಳಿಕಳಿಸಿದಳು. ಇಷ್ಟು ಅವಸರ ಯಾಕೆ ಎಂದು ನನ್ನ ಅನುಮಾನ ಇನ್ನೂ ಬಲಿಯಿತು.

ಒಂಬತ್ತನೆಯ ದಿನ ಬೆಳಿಗ್ಗೆ ತಂಗಿ ಬಚ್ಚಲಿನಲ್ಲಿ ಕುಸಿದಳು. ಆಟೋದಲ್ಲಿ ಮಲಗಿಸಿಕೊಂಡು ಹೋಗುವಾಗ ಅವಳ ತುಟಿ ಬೆಳ್ಳಗಾಗಿತ್ತು. ಕೂಸು ಗರ್ಭಕೋಶದಲ್ಲಿ ನಿಲ್ಲದೆ ಪಕ್ಕದ ನಾಳದಲ್ಲಿ ಬೆಳೆದಿತ್ತು, ನಾಳ ಒಡೆದು ಹೊಟ್ಟೆಯೆಲ್ಲ ರಕ್ತವಾಗಿದೆ ಎಂದರು. ಆಪರೇಷನ್ ಮಾಡಿ ಉಳಿಸಿದರು. ಅಲ್ಲಿನ ಡಾಕ್ಟರು ನಾನು ಚೀಲದಿಂದ ತೆಗೆದುಕೊಟ್ಟ ಚೀಟಿ ಓದಿ, ಬಲಗಡೆ ನೋವಿದೆ, ಕೂಸು ಎಲ್ಲಿದೆ ನೋಡಿ ಎಂದು ಬರೆದಿದ್ದಾರಲ್ಲ, ಯಾಕೆ ಮಾಡಿಸಲಿಲ್ಲ ಅಂದರು. ಆಸ್ಪತ್ರೆಯ ಗೋಡೆಗೆ ಒರಗಿ ನಿಂತಿದ್ದ ಅತ್ತೆ, ತನ್ನ ಮಗಳೂ ಬಸುರಿಯಿದ್ದಾಗ ಹೀಗೆಯೇ ಹೊಟ್ಟೆನೋವೆಂದು ಮಲಗಿ ತೀರಿಕೊಂಡಳು ಎಂದಷ್ಟೇ ಹೇಳಿದಳು. ಆಕೆಗೆ ಒಬ್ಬ ಮಗಳಿದ್ದಳೆಂಬುದು ನನಗೆ ಅಂದೇ ಗೊತ್ತಾದದ್ದು.

ಆಮೇಲೆ ತಂಗಿಗೆ ಮಕ್ಕಳಾಗಲಿಲ್ಲ. ಯಾರಾದರೂ ಕೇಳಿದರೆ, ಅವತ್ತು ನಾನು ಸ್ವಲ್ಪ ತಡೆದುಕೊಂಡಿದ್ದರೆ ಆಗುತ್ತಿತ್ತು ಎಂದು ಅವಳು ಹೇಳುತ್ತಿದ್ದಳು. ಮೊದಮೊದಲು ನನ್ನನ್ನು ಕಾಪಾಡಲು ಹೇಳುತ್ತಿದ್ದಾಳೆ ಅಂದುಕೊಂಡೆ. ಬರುಬರುತ್ತಾ ಅವಳೇ ಅದನ್ನು ನಂಬಿದ್ದಳು.

ಐದು ವರ್ಷದ ಮೇಲೆ ಒಂದು ಬೆಳಿಗ್ಗೆ ಅವಳ ಮನೆಗೆ ಹೋಗಿದ್ದೆ. ಪಕ್ಕದಲ್ಲಿ ಬಾಡಿಗೆಗಿದ್ದ ಹೊಸ ಬಸುರಿಯೊಬ್ಬಳು ಸ್ಕ್ಯಾನಿಂಗಿಗೆ ಹೊರಟಿದ್ದಳು. ತಂಗಿ ಅವಳಿಗೆ ನೀರು ಬಗ್ಗಿಸಿ ಕೊಡುತ್ತಾ, “ಎಷ್ಟು ಕಷ್ಟ ಆದ್ರೂ ತಡ್ಕೋ ಕಣಮ್ಮ. ನನ್ನ ಥರ ಮಾಡ್ಕೋಬೇಡ” ಅಂದಳು. ಅತ್ತೆ ಪಕ್ಕದಲ್ಲಿ ವೀಳ್ಯದೆಲೆ ಒರೆಸುತ್ತಿದ್ದಳು. ಆ ಹುಡುಗಿ ಹೋಗುವ ತನಕ ಕಾದು, ನಾನು ತಂಗಿಯ ಕೈಯಿಂದ ಲೋಟ ತೆಗೆದುಕೊಂಡೆ.

“ನೀನು ತಡ್ಕೊಂಡೇ ಇದ್ದೆ ಕಣೇ. ಎಬ್ಬಿಸಿ ಕಳಿಸಿದ್ದು ನಾನು. ಆಮೇಲೂ ನರ್ಸು ನೀರು ಕುಡಿಸಿ ಒಂದ್ ಗಂಟೆ ಕಾಯಿರಿ ಅಂದ್ಳು. ನಿಂಗೆ ಇನ್ನೊಂದ್ ದಿನ ಅಂತ ಸುಳ್ಳು ಹೇಳ್ದೆ.” ಅತ್ತೆಯ ಕಡೆ ತಿರುಗಿದೆ. “ಅಮ್ಮ, ನೀವು ಆ ನೀರಿಗೆ ಏನೋ ಬೆರೆಸಿದೀರ ಅಂದ್ಕೊಂಡಿದ್ದೆ. ಇಬ್ಬರ ಹತ್ರಾನೂ ಕೇಳ್ಕೊತೀನಿ, ನನ್ನಿಂದ ತಪ್ಪಾಯ್ತು.”